‘ಯೆಮನ್ ಊಸರವಳ್ಳಿ’ ಕೊಳ್ಳುವ ಮೊದಲು ಇದನ್ನೊಮ್ಮೆ ಓದಿ

ಊಸರವಳ್ಳಿ ಸಾಕುವುದು ಹೇಗೆ ಅಂತ ಮೊಬೈಲಿನಲ್ಲಿ ಹುಡುಕುತ್ತಿದ್ದೀರಾ? ಹಾಗಾದರೆ ಐದು ನಿಮಿಷ ಇಲ್ಲಿ ನಿಲ್ಲಿ. ನಾನು 9,000 ರೂಪಾಯಿ ಕೊಟ್ಟು ಕಲಿತದ್ದನ್ನು ಪುಕ್ಕಟೆ ಹೇಳುತ್ತೇನೆ.

ನಮ್ಮದು ಬದಿಯಡ್ಕದ ಹತ್ತಿರ. ಮನೆ ಸುತ್ತ ಅಡಿಕೆ ತೋಟ, ತೋಟದ ತುಂಬ ಓಂತಿ, ಅಂದರೆ ಓತಿಕ್ಯಾತ. ಓಂತಿ ದೂರದಿಂದಲೇ ರಕ್ತ ಹೀರುತ್ತದೆ ಅಂತ ಹೊಕ್ಕುಳು ಮುಚ್ಚಿಕೊಂಡು ಓಡುತ್ತಿದ್ದ ಮಕ್ಕಳು ನಾವು. ಆದರೆ ಓಂತಿ ಬೇರೆ, ಊಸರವಳ್ಳಿ ಬೇರೆ. ಸುರುಳಿ ಸುತ್ತುವ ಬಾಲ, ಇಕ್ಕಳದಂಥ ಪಾದ, ಒಂದು ಕಣ್ಣು ಮುಂದೆ ನೋಡುವಾಗ ಇನ್ನೊಂದು ಹಿಂದೆ ನೋಡುವುದು, ಇದನ್ನೆಲ್ಲ ನಾನು ಟಿವಿಯಲ್ಲಿ ಬಿಟ್ಟರೆ ಕಂಡವನಲ್ಲ. ಪಕ್ಷ ಬದಲಿಸುವವರನ್ನು ಬೈಯುವಾಗ ಮಾತ್ರ ಬಾಯಿಗೆ ಬರುತ್ತಿದ್ದ ಹೆಸರು ಅದು. ಮೋಸ ಹೋಗಲು ಅಷ್ಟು ಅಜ್ಞಾನ ಸಾಕಾಯಿತು.

ಮಾರಿದವನ ಪರಿಚಯ ಆದದ್ದು ಮೊಬೈಲಿನಲ್ಲೇ. ತಲೆಯ ಮೇಲೆ ಎತ್ತರದ ಕಿರೀಟ ಇರುವ, ಹಸಿರು ಹಳದಿ ಪಟ್ಟೆಯ ಫೋಟೋ ಕಳಿಸಿದ. “ಯೆಮನ್ ಊಸರವಳ್ಳಿ ಅಣ್ಣಾ. ಫಾರಿನ್ ಜಾತಿ, ಇಲ್ಲಿಯ ಕಾನೂನು ಇದಕ್ಕೆ ಇಲ್ಲ” ಅಂದ. ಪೇಪರ್ ಕೇಳಿದೆ. “ವಾಟ್ಸಾಪ್ ಮಾಡ್ತೇನೆ” ಅಂದ. ಇವತ್ತಿಗೂ ಮಾಡಿಲ್ಲ.

ಬೆಳಗ್ಗೆ ಆರಕ್ಕೆ ಕುಂಬಳೆಯಲ್ಲಿ ರಾತ್ರಿ ಬಸ್ಸಿನಿಂದ ಪಾರ್ಸೆಲ್ ಇಳಿಸಿಕೊಂಡೆ. ಸ್ವೀಟ್ ಬಾಕ್ಸಿಗೆ ತೂತು ಹೊಡೆದು ಅಂಟು ಸುತ್ತಿದ್ದರು. ಬಿಚ್ಚಿದರೆ ಬಾಲ ಸೇರಿ ಒಂದಡಿ ಉದ್ದದ, ಮಸಿ ಬಣ್ಣದ ಪ್ರಾಣಿ. ತಲೆಯ ಮೇಲೆ ಕಿರೀಟ ಇಲ್ಲ, ಸಣ್ಣದೊಂದು ಏಣು ಅಷ್ಟೆ. ಫೋನ್ ಮಾಡಿದೆ. “ಮರಿ ಅಣ್ಣಾ, ಬೆಳೆದ ಹಾಗೆ ಕಿರೀಟ ಬರ್ತದೆ.” ನಂಬಿದೆ.

ತಂಗಿಯ ಮಗ ಬಣ್ಣ ಬದಲಾಗುವುದನ್ನು ನೋಡಬೇಕು ಅಂತ ಅದನ್ನು ಕೆಂಪು ಬೈರಾಸಿನ ಮೇಲೆ ಬಿಟ್ಟ. ಕೆಂಪಾಗಲಿಲ್ಲ, ಇನ್ನೂ ಕಪ್ಪಾಯಿತು. ಬಾಯಿ ತೆರೆದು ಬುಸ್ ಅಂತ ಊದಿಕೊಂಡಿತು. ನಾವು ನಕ್ಕೆವು. ಊಸರವಳ್ಳಿ ನೆಲದ ಬಣ್ಣ ನೋಡಿ ತನ್ನ ಬಣ್ಣ ಬದಲಿಸುವುದಲ್ಲ. ಹೆದರಿಕೆ, ಸಿಟ್ಟು, ಮೈಯ ಬಿಸಿ, ಇವುಗಳಿಂದ ಬಣ್ಣ ಬದಲಾಗುವುದು ಜಾಸ್ತಿ. ಅದು ನಮ್ಮ ಮುಂದೆ ಹೆದರಿ ಕಪ್ಪಾಗಿತ್ತು.

ನಾನು ಇಟ್ಟದ್ದು ಮೀನು ಸಾಕುವ ಹಳೆಯ ಗಾಜಿನ ಪೆಟ್ಟಿಗೆಯಲ್ಲಿ. ಒಂದು ಬಟ್ಟಲು ನೀರು, ಮೇಲೊಂದು ಸಾದಾ ಬಲ್ಬು. ಮೂರೂ ತಪ್ಪು. ಅದಕ್ಕೆ ಗಾಳಿಯಾಡುವ ಬಲೆಯ ಗೂಡು ಬೇಕು, ಏರಲು ಕೊಂಬೆ ಬೇಕು. ಬಿಸಿಲಿನಲ್ಲಿರುವ ಯುವಿಬಿ ಕಿರಣ ಬೇಕು, ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹಿಡಿಯದೆ ಮೂಳೆ ಮೆತ್ತಗಾಗುತ್ತದೆ. ಕಿಟಕಿಯ ಹತ್ತಿರ ಇಟ್ಟರೆ ಆಯಿತಲ್ವಾ ಅಂದುಕೊಂಡಿದ್ದೆ. ಗಾಜು ಆ ಕಿರಣವನ್ನು ತಡೆಯುತ್ತದೆ. ಇನ್ನು ನೀರು. ಬಟ್ಟಲಿನಲ್ಲಿ ನಿಂತ ನೀರನ್ನು ಅದು ನೀರು ಅಂತ ಗುರುತಿಸುವುದೇ ಕಷ್ಟ. ತುಂಬಿದ ಬಟ್ಟಲಿನ ಪಕ್ಕ ಕೂತು ಬಾಯಾರಿ ಒಣಗುತ್ತಿತ್ತು ಪಾಪ.

ಊಟಕ್ಕೆ ತೋಟದಿಂದ ಮಿಡತೆ ಹಿಡಿದು ಕೊಡುತ್ತಿದ್ದೆ. ಮಳೆಗೆ ಮುಂಚಿನ ದಿನಗಳು, ಅಡಿಕೆಗೆ ಮದ್ದು ಬಿಟ್ಟು ನಾಲ್ಕು ದಿನ ಆಗಿತ್ತು. ಅಪ್ಪ ನೋಡಿ ಬೈದರು: “ಮೈಲುತುತ್ತು ಬಿದ್ದ ಹುಲ್ಲಿನ ಮಿಡತೆ ತಿನ್ನಿಸ್ತೀಯಲ್ಲ, ಬುದ್ಧಿ ಉಂಟಾ ನಿನಗೆ?”

ಎಂಟನೇ ದಿನ ಅದರ ಕಣ್ಣು ಒಳಗೆ ಹೋಯಿತು. ಗೋಪುರದ ಹಾಗೆ ಹೊರಗೆ ಉಬ್ಬಿರಬೇಕಾದ ಕಣ್ಣು, ಒಣಗಿದ ದ್ರಾಕ್ಷಿಯ ಹಾಗೆ ಕುಗ್ಗಿತ್ತು. ಹಾವು, ಹಲ್ಲಿಗೆ ಮದ್ದು ಕೊಡುವವರು ನಮ್ಮ ಕಡೆ ಎಲ್ಲಿದ್ದಾರೆ? ದನದ ಡಾಕ್ಟ್ರ ಹತ್ತಿರವೇ ಹೋದೆ. ಅವರು ಬೆಂಗಳೂರಿನ ಹೆಬ್ಬಾಳದಲ್ಲಿ ಓದಿದವರು. ಪೆಟ್ಟಿಗೆ ತೆರೆದವರೇ ಕೇಳಿದರು, “ಇದನ್ನು ಎಲ್ಲಿಂದ ಹಿಡಿದಿರಿ?”

“ಹಿಡಿದದ್ದಲ್ಲ ಡಾಕ್ಟ್ರೇ, ಯೆಮನ್‌ದು. ಮರಿ.”

“ಎಂತ ಯೆಮನ್ ಮಾರಾಯ್ರೆ! ಬಯಲುಸೀಮೆಯ ಬೇಲಿಯಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ಒಂದಡಿ ಆದ ಮೇಲೂ ಕಿರೀಟ ಬರದಿದ್ದರೆ ಇನ್ನು ಯಾವಾಗ ಬರುವುದು?”

ಎಲ್ಲಿಯದೋ ಬೇಲಿಯಿಂದ ಕಿತ್ತು ತಂದ ನಮ್ಮದೇ ದೇಶದ ಊಸರವಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲ ಅಪರಾಧ, ಜೈಲೂ ಆಗಬಹುದು. ಗೊತ್ತಿರಲಿಲ್ಲ ಅಂದರೆ ಕಾನೂನು ಕೇಳುವುದಿಲ್ಲ. ನನ್ನ ಕೈಕಾಲು ತಣ್ಣಗಾಯಿತು.

ಮರುದಿನ ಅರಣ್ಯ ಇಲಾಖೆಗೆ ಒಪ್ಪಿಸುವುದು ಅಂತ ಆಯಿತು. ಆ ಬೆಳಗ್ಗೆ ಡಾಕ್ಟ್ರು ಹೇಳಿದಂತೆ ಅಂಗಳದ ದಾಸವಾಳದ ಗಿಡಕ್ಕೆ ಬಿಟ್ಟು, ಎಲೆಗಳಿಗೆ ನೀರು ಚಿಮುಕಿಸಿದೆ. ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಗಾಳಿಗೆ ತೂಗುವ ಎಲೆಯ ಹಾಗೆ ಹಿಂದೆ ಮುಂದೆ ಆಡುತ್ತ ಒಂದು ಹೆಜ್ಜೆ ಇಟ್ಟಿತು. ಎಲೆಯ ತುದಿಯಲ್ಲಿ ತೂಗುತ್ತಿದ್ದ ಹನಿಯನ್ನು ನೆಕ್ಕಿತು. ಮತ್ತೊಂದು. ಮತ್ತೊಂದು. ಹತ್ತು ನಿಮಿಷ ಕುಡಿಯುತ್ತಲೇ ಇತ್ತು. ಅಮ್ಮ ಜಗಲಿಯಲ್ಲಿ ನಿಂತು ನೋಡಿ ಏನೂ ಹೇಳದೆ ಒಳಗೆ ಹೋದರು. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

ಇಲಾಖೆಯವರು ಹೇಳಿಕೆ ಬರೆಸಿಕೊಂಡು ಅದನ್ನು ಕರೆದುಕೊಂಡು ಹೋದರು. ಅದು ಬದುಕಿತೋ ಇಲ್ಲವೋ ಅಂತ ಕೇಳುವ ಧೈರ್ಯ ನನಗೆ ಬಂದಿಲ್ಲ.

ನಿಜವಾದ ಫಾರಿನ್ ಜಾತಿಯೇ ಸಿಕ್ಕಿದರೆ? ಆಗಲೂ ‘ಕಾನೂನು ಇಲ್ಲ’ ಎನ್ನುವುದು ಹಸಿ ಸುಳ್ಳು. ಯೆಮನ್ ಜಾತಿ, ಮಡಗಾಸ್ಕರದ ಪ್ಯಾಂಥರ್ ಜಾತಿ ಎರಡೂ ಸೈಟಿಸ್ ಒಪ್ಪಂದದ, ಅಂದರೆ ಕಾಡುಪ್ರಾಣಿ, ಸಸ್ಯಗಳ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಯಲ್ಲಿವೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮದ ಪ್ರಕಾರ ಅಂಥವನ್ನು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೈ ಬದಲಾದರೆ ಅದನ್ನೂ ತಿಳಿಸಬೇಕು. ಮಾರುವವನ ಹೆಸರಿನ ನೋಂದಣಿ ಮೊದಲು ನೋಡಿ, ದುಡ್ಡಿನ ಮಾತು ಆಮೇಲೆ.

ಪೇಪರ್ ಸರಿ ಇದ್ದರೂ ನಾನು ಬೇಡ ಅಂತಲೇ ಹೇಳುವವನು. ಯುವಿಬಿ ಬಲ್ಬು ಉರಿಯುತ್ತಿದ್ದರೂ ಆರರಿಂದ ಹನ್ನೆರಡು ತಿಂಗಳಲ್ಲಿ ಅದರ ಕಿರಣ ಕುಂದುತ್ತದೆ, ಬದಲಿಸುತ್ತಿರಬೇಕು. ಆಟಿ ತಿಂಗಳ ಮಳೆಗೆ ಎರಡು ದಿನ ಕರೆಂಟು ಹೋದರೆ ಏನು ಮಾಡುತ್ತೀರಿ? ಎತ್ತಿ ಮುದ್ದು ಮಾಡುವ ಪ್ರಾಣಿಯೂ ಅಲ್ಲ, ಮುಟ್ಟಿದಷ್ಟೂ ಹೆದರುತ್ತದೆ.

ಮಾರಿದವನ ನಂಬರ್ ಈಗ ಸ್ವಿಚ್ ಆಫ್. ಆದರೆ ಮೊನ್ನೆ ಸ್ನೇಹಿತನೊಬ್ಬ ಸ್ಕ್ರೀನ್‌ಶಾಟ್ ಕಳಿಸಿದ. ಅದೇ ಕಿರೀಟದ ಫೋಟೋ, ಬೇರೆ ಹೆಸರು. ರೇಟು 12,000 ಆಗಿದೆ.