ಟ್ರಾಫಿಕ್‌ನಲ್ಲಿ ಎಂಜಿಬಿ ಕುದಿಯಬಾರದು ಅಂದ್ರೆ: ಎಲೆಕ್ಟ್ರಿಕ್ ಫ್ಯಾನಾ, ಹೊಸ ಕೋರಾ?

ಹಳೇ ಸ್ಪೋರ್ಟ್ಸ್ ಕಾರ್ ಇದ್ದರೆ ಮೊದಲು ರೇಡಿಯೇಟರ್ ಕೋರ್ (ಎಂಜಿನ್ನಿನ ಬಿಸಿ ನೀರು ಹರಿದು ತಣ್ಣಗಾಗುವ ಕೊಳವೆಗಳ ಜಾಲ) ಬದಲಾಯಿಸಿ. ಬೇರೆ ಮಾತೆಲ್ಲ ಆಮೇಲೆ. ನನ್ನದು 1965ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇಯಲ್ಲಿ ಹೋದರೆ ಬಿಸಿ ತೋರಿಸುವ ಮೀಟರ್‌ನ ಸೂಜಿ ಅಲ್ಲಾಡುತ್ತಿರಲಿಲ್ಲ. ಪಿ.ಬಿ. ರಸ್ತೆಯಲ್ಲಿ ಮೆಕ್ಕೆಜೋಳದ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಮಾತ್ರ ಸರಸರ ಏರುತ್ತಿತ್ತು. ಗಾಡಿ ಓಡುವಾಗ ಗಾಳಿ ತಾನಾಗೇ ನುಗ್ಗುತ್ತದೆ. ನಿಂತಾಗ ಎಂಜಿನ್ ಬೆಲ್ಟ್‌ನಿಂದ ತಿರುಗುವ ಫ್ಯಾನೇ ಗತಿ, ಐಡ್ಲಿಂಗ್‌ನಲ್ಲಿ ಅದೂ ನಿಧಾನ.

ಮೊದಲು ಗ್ರಿಲ್ ಹಿಂದೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದೆ. ಜೋರಾಗಿ ತಿರುಗಿತು, ಬಿಸಿ ಇಳಿಯಲಿಲ್ಲ. ಗ್ರಿಲ್‌ಗೆ ಒಂದು ಹಾಳೆ ಹಿಡಿದು ನೋಡಿದೆ. ಅಂಟಿಕೊಳ್ಳಬೇಕಿದ್ದ ಹಾಳೆ ಹಾರಿ ಬಿತ್ತು! ಆ ಕಾಲದ ಎಂಜಿಬಿಯಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಅರ್ಥ್ ಆಗಿರುತ್ತದೆ. ಈಗಿನ ಕಾರಿನ ಹಾಗೆ ಕಪ್ಪು ವೈರನ್ನು ಬಾಡಿಗೆ ಕೊಟ್ಟರೆ ಫ್ಯಾನ್ ಉಲ್ಟಾ ತಿರುಗುತ್ತದೆ. ವೈರ್ ಅದಲುಬದಲು ಮಾಡಿದ ಮೇಲೆ ಗಾಳಿ ಸರಿಹೋಯಿತು.

ಆದರೆ ಅಸಲಿ ತಕರಾರು ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ್ದು. ಎಂಜಿನ್ ಓಡುವಾಗ ಅದು 22 ಆಂಪ್‌ವರೆಗೆ ಕೊಡುತ್ತದೆ, ಐಡ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಅಂದರೆ ಫ್ಯಾನ್ ಬೇಕಾಗುವ ಹೊತ್ತಿಗೇ ಚಾರ್ಜ್ ಇರುವುದಿಲ್ಲ. ಸಂಜೆ ಗಾಂಧಿ ಸರ್ಕಲ್ ಹತ್ತಿರ ಹೆಡ್‌ಲೈಟ್, ಫ್ಯಾನ್ ಎರಡೂ ಹಾಕಿ ನಿಂತರೆ ಚಾರ್ಜಿಂಗ್ ಕೆಂಪು ದೀಪ ಹತ್ತಿಕೊಳ್ಳುತ್ತದೆ, ಹಾರ್ನ್ ದನಿ ಇಳಿಯುತ್ತದೆ. ಡೈನಮೋ ಬದಲು, ಐಡ್ಲಿಂಗ್‌ನಲ್ಲೂ ಚಾರ್ಜ್ ಕೊಡುವ ಆಲ್ಟರ್ನೇಟರ್ ಹಾಕಿಸಬಹುದು, ಅಲ್ವಾ? ಅದಕ್ಕೆ ಅರ್ಥಿಂಗ್ ತಿರುಗಿಸಿ ಬ್ಯಾಟರಿಯ ಮೈನಸ್ಸನ್ನು ಬಾಡಿಗೆ ಕೊಡಬೇಕು, ಆರ್‌ಪಿಎಂ ಮೀಟರ್ ಬಿಚ್ಚಿ ಒಳಗಿನ ವೈರಿಂಗ್ ಬದಲಾಯಿಸಬೇಕು. ಒಂದು ಫ್ಯಾನಿಗೋಸ್ಕರ ಇಷ್ಟು ಖರ್ಚು ನನಗೆ ಒಪ್ಪಲಿಲ್ಲ.

ರೇಡಿಯೇಟರ್ ಕೆಲಸಕ್ಕೆ ನಮ್ಮೂರು ಬೆಸ್ಟ್. ಲಾರಿ ರೇಡಿಯೇಟರ್ ಮಾಡುವವರೇ ಹಿತ್ತಾಳೆ ಟ್ಯಾಂಕ್ ಬಿಚ್ಚಿ, ಒಂದು ಸಾಲು ಹೆಚ್ಚಿರುವ ತಾಮ್ರದ ಕೋರ್ ಕೂರಿಸಿ ಬೆಸುಗೆ ಹಾಕಿಕೊಟ್ಟರು. ಹಳೇ ಕೋರ್‌ನ ಕೊಳವೆಗಳಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ, ಕಡ್ಡಿ ತೂರಲೂ ಜಾಗ ಇರಲಿಲ್ಲ. ಜೊತೆಗೆ ಬೆಲ್ಟ್ ಫ್ಯಾನಿನ ಸುತ್ತ ತಗಡಿನ ಕವಚ ಮಾಡಿಸಿದೆ. ಅದಿಲ್ಲದಿದ್ದರೆ ಬಿಸಿ ಗಾಳಿಯೇ ಅಂಚಿನಿಂದ ವಾಪಸ್ ಸುತ್ತಿ ಬರುತ್ತದೆ. ಕೋರ್ ದಪ್ಪ ಆಗುವುದರಿಂದ ಫ್ಯಾನ್ ರೆಕ್ಕೆ ತಾಗದಂತೆ ಮೊದಲೇ ಅಳತೆ ನೋಡಿಕೊಳ್ಳಿ.

ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ತೆರೆದು ರೇಡಿಯೇಟರ್‌ಗೆ ಬಿಡುವ ವಾಲ್ವ್) ಕಿತ್ತುಹಾಕಿ ಅನ್ನುವವರ ಮಾತು ಕೇಳಬೇಡಿ. 82 ಡಿಗ್ರಿಗೆ ತೆರೆಯುವುದರ ಬದಲು 74ಕ್ಕೆ ತೆರೆಯುವುದನ್ನು ಹಾಕಿ ಸಾಕು. ರೇಡಿಯೇಟರ್ ಮುಚ್ಚಳದ ರಬ್ಬರ್ ಚೆನ್ನಾಗಿರಲಿ: 10 ಪಿಎಸ್‌ಐ ಒತ್ತಡ ಹಿಡಿದರೆ ನೀರು ಸುಮಾರು 114 ಡಿಗ್ರಿವರೆಗೆ ಕುದಿಯುವುದಿಲ್ಲ.

ನಾನು ಗಾಡಿ ತೆಗೆಯುವುದು ಹೆಚ್ಚಾಗಿ ಸಂಜೆ, ಊರೊಳಗೆ, ದೀಪ ಹಾಕಿಕೊಂಡು. ಹಾಗಾಗಿ ಕರೆಂಟ್ ಬೇಡದ ದಾರಿಯೇ ನನಗೆ ಸರಿ. 1968ರಿಂದ ಈಚಿನ, ಆಲ್ಟರ್ನೇಟರ್ ಇರುವ ಎಂಜಿಬಿ ನಿಮ್ಮದಾದರೆ ಎಲೆಕ್ಟ್ರಿಕ್ ಫ್ಯಾನ್ ಧಾರಾಳವಾಗಿ ಹಾಕಿಸಿ. ಆದರೆ ಅದು ಕೂಡ ಕೋರ್ ನೋಡಿದ ಮೇಲೇ.