ಎಂಟು ಗಂಟೆಯ ಗುಳಿಗೆಗಿಂತ ಮುಂಚೆ ಬಂದರೆ ಮಾತ್ರ

ಹುಬ್ಬಳ್ಳಿ ವಿದ್ಯಾನಗರದ ಒಂದು ಲ್ಯಾಬ್‌ನವರು ಒಂದೂವರೆ ವರ್ಷದಿಂದ ಮನೆಗೇ ಬಂದು ರಕ್ತ ತಗೊಂಡು ಹೋಗುತ್ತಾರೆ. ನಮ್ಮ ಮನೆಯವರಿಗೆ ಬೆಂಗಳೂರಿನಲ್ಲಿ ಲಿವರ್ ಕಸಿ ಆಗಿದೆ. ಕೊಟ್ಟವಳು ನಾನೇ. ನನ್ನ ಲಿವರ್‌ನ ಬಲಭಾಗ ಈಗ ಅವರ ಹೊಟ್ಟೆಯಲ್ಲಿದೆ, ಹಾಗಾಗಿ ರಿಪೋರ್ಟ್ ಮೊದಲು ನೋಡುವವಳೂ ನಾನೇ.

ಮೊದಲ ಸಲ ಏಳೂವರೆಗೆ ಬರ್ತೀವಿ ಅಂದವರು ಬಂದಿದ್ದು ಹತ್ತಕ್ಕೆ. ಅಷ್ಟರಲ್ಲಿ ಇವರು ಎಂಟು ಗಂಟೆಯ ಟ್ಯಾಕ್ರೋಲಿಮಸ್ (ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ತಡೆಯುವ ಔಷಧ) ಗುಳಿಗೆ ನುಂಗಿ ಪೇಪರ್ ಓದುತ್ತಾ ಕೂತಿದ್ದರು. "ಏನೂ ಆಗಲ್ಲ ಅಕ್ಕಾ" ಅಂತ ಹುಡುಗ ಸೂಜಿ ಚುಚ್ಚಿಯೇಬಿಟ್ಟ. ಗುಳಿಗೆ ಆಗಷ್ಟೇ ನುಂಗಿದ್ದಕ್ಕೆ ರಕ್ತದಲ್ಲಿ ಆ ಔಷಧದ ಲೆವೆಲ್ 19 ಬಂತು. ಹಿಂದಿನ ವಾರ 7 ಇತ್ತು! ರಾತ್ರಿಯ ಗುಳಿಗೆ ನುಂಗಿ ಹನ್ನೆರಡು ತಾಸಾದ ಮೇಲೆ, ಬೆಳಗಿನದು ನುಂಗುವ ಮುಂಚೆ ಕೊಟ್ಟ ರಕ್ತಕ್ಕೇ ಇಲ್ಲಿ ಬೆಲೆ. ಬೆಂಗಳೂರಿನ ಆಸ್ಪತ್ರೆಯ ಕಸಿ ಕೋಆರ್ಡಿನೇಟರ್ ಫೋನಿನಲ್ಲಿ ಕೇಳಿದ್ದೂ ಅದನ್ನೇ: "ಗುಳಿಗೆ ಎಷ್ಟು ಗಂಟೆಗೆ ತಗೊಂಡ್ರು?" ಪುಣ್ಯಕ್ಕೆ ಆ ನಂಬರ್ ನೋಡಿ ಯಾರೂ ಡೋಸ್ ಇಳಿಸಲಿಲ್ಲ. ಇಳಿಸಿದ್ದರೆ ದೇಹ ಹೊಸ ಲಿವರ್ ಮೇಲೆ ತಿರುಗಿ ಬೀಳಬಹುದಿತ್ತು.

ಜೋರು ಜಗಳ ಆಡಿದೆ. ಅಂದಿನಿಂದ ಇವತ್ತಿನವರೆಗೆ ಹುಡುಗ ಏಳೂಮುಕ್ಕಾಲು ದಾಟಿಸಿಲ್ಲ.

ಮೆಚ್ಚಿದ್ದೂ ಇದೆ. ಒಂದು ಸಲ ಅವರೇ ಫೋನ್ ಮಾಡಿ, ಟ್ಯೂಬ್‌ನಲ್ಲಿ ರಕ್ತಕಣ ಒಡೆದಿವೆ, ಪೊಟ್ಯಾಸಿಯಂ, ಎಸ್‌ಜಿಒಟಿ (ಲಿವರ್ ಟೆಸ್ಟ್‌ನಲ್ಲಿ ನೋಡುವ ಕಿಣ್ವ) ಎರಡೂ ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತವೆ ಅಂದರು. ದುಡ್ಡು ಕೇಳದೆ ಮತ್ತೆ ರಕ್ತ ತಗೊಂಡರು. ರಿಪೋರ್ಟ್‌ನಲ್ಲಿ ಹಿಂದಿನ ಮೂರು ಸಲದ ಅಂಕಿಯೂ ಪಕ್ಕದಲ್ಲೇ ಇರುತ್ತೆ. ನನಗಂತೂ ಇದೇ ದೊಡ್ಡದು. ಎಸ್‌ಜಿಪಿಟಿ (ಲಿವರ್‌ನ ಇನ್ನೊಂದು ಕಿಣ್ವ) 38 ಅಂದರೆ ನಾರ್ಮಲ್ ಅಂತ ಅಚ್ಚಾಗಿರುತ್ತೆ, ಆದರೆ 19, 24, 31 ಆಗಿ 38ಕ್ಕೆ ಬಂದಿದ್ದರೆ ಡಾಕ್ಟರಿಗೆ ಕಳಿಸಲೇಬೇಕಲ್ವಾ?

ಒಂದೇ ತಕರಾರು. ಲ್ಯಾಬ್‌ನವರ ಲಿವರ್ ಪ್ಯಾಕೇಜಿನಲ್ಲಿ ಜಿಜಿಟಿ ಅನ್ನೋ ಕಿಣ್ವದ ಟೆಸ್ಟ್ ಇಲ್ಲ, ಬೇರೆ ದುಡ್ಡು ಕೊಟ್ಟು ಹೇಳಿ ಮಾಡಿಸಬೇಕು. ಪ್ಯಾಕೇಜಿನಲ್ಲಿರುವ ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಕಿಣ್ವ ಎಲುಬಿನಿಂದಲೂ ಏರುತ್ತೆ. ಜಿಜಿಟಿಯೂ ಜೊತೆಗೇ ಏರಿದರೆ ಪಿತ್ತನಾಳದ ಕಡೆ ನೋಡುತ್ತಾರೆ. ನಮ್ಮಂಥವರಿಗೆ ಅದು ಬೇಕೇ ಬೇಕು. ಕೌಂಟರಿನಲ್ಲಿದ್ದವರಿಗೆ ಎರಡು ಸಲ ಹೇಳಿದೆ, ತಲೆ ಆಡಿಸಿದರು, ಅಷ್ಟೇ.

ಲಿವರ್ ರಿಪೋರ್ಟ್, ಕ್ರಿಯಾಟಿನಿನ್ (ಕಿಡ್ನಿಯ ಟೆಸ್ಟ್) ಮಧ್ಯಾಹ್ನದೊಳಗೆ ಮೊಬೈಲಿಗೆ ಬರುತ್ತವೆ. ಟ್ಯಾಕ್ರೋಲಿಮಸ್ ಸ್ಯಾಂಪಲ್ ಮಾತ್ರ ಹೊರ ಊರಿಗೆ ಹೋಗುತ್ತೆ, ಮರುದಿನ ರಾತ್ರಿ ಆಗುತ್ತೆ. ಶನಿವಾರ ಮಾತ್ರ ಕೊಡಬೇಡಿ, ಸೋಮವಾರ ರಾತ್ರಿವರೆಗೂ ಫೋನ್ ನೋಡ್ತಾ ಕೂರಬೇಕಾಗುತ್ತೆ.