ಉಪ್ಪೋ, ಹೇರ್‌ಸ್ಪ್ರೇಯೋ: ಪುಟ್ಟ ಫೋರ್ಡ್‌ಗೆ ತುಕ್ಕು ಹಿಡಿಸಿದ್ದು

ನನ್ನ ಮೇಜಿನ ಮೇಲೆ ಎರಡು ಕಾರುಗಳು ನಿಂತಿವೆ. ಎರಡೂ 1932ರ ಫೋರ್ಡ್ ಕೂಪೆಯ (ಎರಡು ಬಾಗಿಲಿನ ಕಾರು) ಪ್ಲಾಸ್ಟಿಕ್ ಮಾದರಿ, ಎರಡೂ 1:25 ಅಳತೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಹನ್ನೊಂದು ಸೆಂಟಿಮೀಟರ್ ಕೂಡ ಇಲ್ಲ. ಎರಡಕ್ಕೂ ಒಂದೇ ಮಾಸಲು ಹಸಿರು ಹೊಡೆದೆ. ಪ್ಲಾಸ್ಟಿಕ್ ತುಕ್ಕು ಹಿಡಿಯಲ್ಲ, ಬಣ್ಣದಲ್ಲೇ ಹಾಗೆ ಕಾಣಿಸಬೇಕು. ಒಂದಕ್ಕೆ ಉಪ್ಪಿನಿಂದ ತುಕ್ಕು ಹಿಡಿಸಿದೆ, ಇನ್ನೊಂದಕ್ಕೆ ಹೇರ್‌ಸ್ಪ್ರೇಯಿಂದ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಗೊತ್ತಾಗಿದ್ದು, ಅವು ಕೊಡುವ ತುಕ್ಕೇ ಬೇರೆ ಬೇರೆ ಜಾತಿಯದು ಅಂತ. ಇಷ್ಟು ತಿಳಿಯಲು ಮೂರು ತಿಂಗಳು ಹಿಡಿಯಿತು.

ಮೊದಲು ಕಾರಿನ ವಿಷಯ. ನನ್ನವು ಹಾಟ್ ರಾಡ್‌ಗಳು. ಹಾಟ್ ರಾಡ್ ಅಂದರೆ ಕಂಪನಿ ಮಾಡಿ ಮಾರಿದ ಕಾರಲ್ಲ. ಹಳೇ ಕಾರನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್, ಬಂಪರ್ ಎಲ್ಲ ಬಿಚ್ಚಿ ಭಾರ ಇಳಿಸಿ, ಎಂಜಿನ್‌ನ ಜೋರು ಹೆಚ್ಚಿಸಿ ಓಡಿಸಿದ ಕಾರು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮುರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಇವನ್ನು ಓಡಿಸಿ ವೇಗ ಅಳೆಯುತ್ತಿದ್ದರು. 1937ರಲ್ಲಿ ಅದಕ್ಕೆ ಒಂದು ಸಂಘವನ್ನೂ ಕಟ್ಟಿಕೊಂಡರು. 1932ರ ಫೋರ್ಡ್ ಅಂದರೆ ಅವರಿಗೆ ಪ್ರಾಣ. ಆ ವರ್ಷವೇ ಫೋರ್ಡ್ ಕಡಿಮೆ ಬೆಲೆಯ ಕಾರಿಗೂ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿದ್ದು. ಎಂಜಿನ್ ಗಾತ್ರ 221 ಘನ ಅಂಗುಲ, ಬಲ 65 ಕುದುರೆಶಕ್ತಿ. ಒಣಗಿದ ಕೆರೆಯಂಗಳ ಹೇಗಿರುತ್ತದೆ ಅಂತ ಕೋಲಾರದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಈ ಒಣ ಹವೆ ತುಕ್ಕಿನ ಲೆಕ್ಕಕ್ಕೂ ಬರುತ್ತದೆ. ಮಂಗಳೂರಿನ ಕಡೆ ಕಾರು ಕೆಳಗಿನಿಂದ ಹಾಳಾಗುತ್ತದೆ. ಉಪ್ಪುಗಾಳಿ, ಮಳೆ ಸೇರಿ ಡೋರಿನ ಅಡಿಯಲ್ಲಿ ತೂತು ಬೀಳುತ್ತದೆ. ನಮ್ಮಂಥ ಒಣ ಊರಲ್ಲಿ ಹಾಗಲ್ಲ. ಬಿಸಿಲಿಗೆ ಮೇಲಿನ ಬಣ್ಣ ಸುಡುತ್ತದೆ, ತೆಳ್ಳಗಾಗುತ್ತದೆ, ಅದರಡಿ ತಗಡು ಕಂದು ತಿರುಗುತ್ತದೆ. ತಗಡು ಮಾತ್ರ ಗಟ್ಟಿಯಾಗೇ ಇರುತ್ತದೆ. ಕ್ಯಾಲಿಫೋರ್ನಿಯಾದ ಬಯಲಲ್ಲಿ ನಿಂತ ಹಳೇ ಫೋರ್ಡ್‌ಗೂ ಇದೇ ಗತಿ. ಹಾಗಾಗಿ ನನ್ನ ಪುಟ್ಟ ಕಾರಿಗೆ ಬೇಕಿದ್ದದ್ದು ಮೇಲ್ಮೈ ತುಕ್ಕು, ತೂತುಗಳಲ್ಲ.

ಎಲ್ಲಕ್ಕಿಂತ ಮೊದಲು ನಾನು ಮಾಡಿದ್ದು ಸ್ಪಾಂಜ್ ವಿಧಾನ. ಪಾತ್ರೆ ತಿಕ್ಕುವ ಸ್ಪಾಂಜ್‌ನ ಚೂರು ಹರಿದು, ಕಂದು ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿ, ಮಿಕ್ಕಿದ ಬಣ್ಣವನ್ನು ಕಾರಿನ ಅಂಚುಗಳಿಗೆ ತಟ್ಟುವುದು. ಅರ್ಧ ಗಂಟೆಯ ಕೆಲಸ. ಮಾವನಿಗೆ ತೋರಿಸಿದೆ. ಅವರದು ಬಂಗಾರಪೇಟೆ ರಸ್ತೆಯಲ್ಲಿ ಟಿಂಕರಿಂಗ್ ಗ್ಯಾರೇಜು. ಮೂವತ್ತು ವರ್ಷದಿಂದ ತುಕ್ಕು ಕೆರೆಯುವುದೇ ಅವರ ಕೆಲಸ.

"ಹೇಗಿದೆ ಮಾವ?"

ಅವರು ಕನ್ನಡಕ ಏರಿಸಿ ನೋಡಿದರು. "ಚೆನ್ನಾಗೇನೋ ಇದೆ. ಆದ್ರೆ ಇದು ತುಕ್ಕಲ್ಲ ಕಣೋ, ಬಣ್ಣ. ತುಕ್ಕು ಒಳಗಿಂದ ಏಳುತ್ತೆ. ನೀನು ಮೇಲೆ ತಂದು ಅಂಟಿಸಿದ್ದೀಯ."

ಗ್ಯಾರೇಜಿನ ಹಿಂದೆ ಒಂದು ಹಳೇ ಅಂಬಾಸಿಡರ್ ಬಾನೆಟ್ ಬಿದ್ದಿದೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬೆರಳಿಟ್ಟು ತೋರಿಸಿದರು. ತುಕ್ಕಿನ ಮಚ್ಚೆಯ ಸುತ್ತ ಬಣ್ಣದ ಅಂಚು ಮೇಲಕ್ಕೆ ಎದ್ದಿತ್ತು. ಮಚ್ಚೆ ಬಣ್ಣಕ್ಕಿಂತ ತಗ್ಗಿನಲ್ಲಿತ್ತು. ಸ್ಪಾಂಜ್‌ನಲ್ಲಿ ತಟ್ಟಿದ್ದು ಇದಕ್ಕೆ ಸರಿ ಉಲ್ಟಾ, ಮಚ್ಚೆಯೇ ಬಣ್ಣದ ಮೇಲೆ ಕೂತಿರುತ್ತದೆ. ಅವತ್ತಿನಿಂದ ಸ್ಪಾಂಜನ್ನು ಚಾಸಿಯ ಅಡಿಗೆ ಮಾತ್ರ ಬಳಸುತ್ತೇನೆ.

ಉಳಿದ ಎರಡು ವಿಧಾನಗಳಲ್ಲೂ ತುಕ್ಕು ಅಡಿಯಲ್ಲಿರುತ್ತದೆ, ಬಣ್ಣ ಮೇಲಿರುತ್ತದೆ, ಬಣ್ಣ ಕಿತ್ತಾಗ ತುಕ್ಕು ಕಾಣುತ್ತದೆ. ಹಾಗಾಗಿ ಅಡಿಯ ತುಕ್ಕನ್ನು ಎರಡೂ ಕಾರಿಗೆ ಒಂದೇ ಥರ ಮಾಡಿದೆ. ಪ್ರೈಮರ್ ಮೇಲೆ ಜಪಾನಿನ ತಮಿಯಾ ಕಂಪನಿಯ ಹಲ್ ರೆಡ್ ಅನ್ನುವ ಕಂದುಗೆಂಪು, ಅದರ ಮೇಲೆ ಅಲ್ಲಲ್ಲಿ ರೆಡ್ ಬ್ರೌನ್, ಕೊನೆಗೆ ಒಂದಿಷ್ಟು ಕಿತ್ತಳೆ ಚುಕ್ಕೆ. ಎಲ್ಲ ಒಣಗಿದ ಮೇಲೆ ಲ್ಯಾಕರ್ ಕ್ಲಿಯರ್ ಅನ್ನುವ ಬಣ್ಣವಿಲ್ಲದ ವಾರ್ನಿಶ್ ಹೊಡೆದು ಗಟ್ಟಿ ಮಾಡಿದೆ. ಇದನ್ನು ಬಿಟ್ಟರೆ ಮೇಲಿನ ಬಣ್ಣದ ಜೊತೆ ತುಕ್ಕೂ ಎದ್ದು ಬರುತ್ತದೆ.

ಬಣ್ಣದ ಆಯ್ಕೆಗೆ ಕೆಜಿಎಫ್‌ಗೆ ಎರಡು ಸಲ ಹೋಗಿ ಬಂದೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಕಬ್ಬಿಣ ಅಲ್ಲೇ ಉಳಿಯಿತು. ಚಾಂಪಿಯನ್ ರೀಫ್ ಕಡೆ ರಸ್ತೆಯಲ್ಲಿ ನಿಂತು ನೋಡಿದರೆ ಸಾಕು, ತುಕ್ಕಿನ ಎಲ್ಲ ವಯಸ್ಸೂ ಕಾಣುತ್ತದೆ. ಹೊಸ ತುಕ್ಕು ಕಿತ್ತಳೆ. ಹಳೆಯದು ಕಡು ಕಂದು, ಕೆಲವು ಕಡೆ ಕಪ್ಪಿಗೆ ಹತ್ತಿರ. ಕಿತ್ತಳೆ ಇರುವುದು ಬೋಲ್ಟ್ ಬುಡದಲ್ಲಿ, ನೀರು ಇಳಿದ ಗೆರೆಯಲ್ಲಿ, ಬರೀ ಅಷ್ಟೇ. ಮಾದರಿ ಮಾಡುವವರು ಕಾರಿಡೀ ಕಿತ್ತಳೆ ಬಳಿಯುವುದನ್ನು ನೋಡಿದರೆ ನನಗೆ ಈಗ ಬೇಜಾರಾಗುತ್ತದೆ.

ಈಗ ಉಪ್ಪು. ತುಕ್ಕಿನ ಪದರದ ಮೇಲೆ ನೀರು ಚಿಮುಕಿಸಿ, ಬೇಕಾದ ಕಡೆ ಉಪ್ಪು ಉದುರಿಸಿ, ಒಣಗಲು ಬಿಡಬೇಕು. ಹರಳು ಒಂಚೂರು ಕರಗಿ ಅಲ್ಲೇ ಅಂಟಿಕೊಳ್ಳುತ್ತದೆ. ಅದರ ಮೇಲೆ ಹಸಿರು ಹೊಡೆದು, ಒಣಗಿದ ಮೇಲೆ ಬೆರಳಿನಿಂದ ಉಪ್ಪನ್ನು ಉಜ್ಜಿ ತೆಗೆದರೆ ಹರಳು ಇದ್ದ ಜಾಗದಲ್ಲಿ ತುಕ್ಕು ಇಣುಕುತ್ತದೆ.

ಯಾವ ಉಪ್ಪು ಅನ್ನುವುದು ದೊಡ್ಡ ಪ್ರಶ್ನೆ. 1:25 ಅಂದರೆ ಎಲ್ಲವೂ ಇಪ್ಪತ್ತೈದು ಪಟ್ಟು. ಅರ್ಧ ಮಿಲಿಮೀಟರ್‌ನ ಪುಡಿ ಉಪ್ಪಿನ ಕಾಳು ನಿಜವಾದ ಕಾರಿನಲ್ಲಿ ಹನ್ನೆರಡೂವರೆ ಮಿಲಿಮೀಟರ್ ಮಚ್ಚೆ. ಅದು ಸರಿ. ಮೂರು ಮಿಲಿಮೀಟರ್‌ನ ಕಲ್ಲುಪ್ಪು ಹಾಕಿದರೆ ಏಳೂವರೆ ಸೆಂಟಿಮೀಟರ್. ಅಷ್ಟು ದೊಡ್ಡದು ಒಂದೆರಡು ಇದ್ದರೆ ಚೆಂದ, ಹತ್ತು ಇದ್ದರೆ ಕಾರಿಗೆ ಕಾಯಿಲೆ ಬಂದ ಹಾಗೆ ಕಾಣುತ್ತದೆ. ಬರೀ ಪುಡಿ ಉಪ್ಪು ಹಾಕಿದರೆ ಎಲ್ಲ ಮಚ್ಚೆಯೂ ಒಂದೇ ಗಾತ್ರ, ಅದೂ ಸರಿಹೋಗಲ್ಲ. ಕೊನೆಗೆ ಅಮ್ಮನ ಕುಟ್ಟಾಣಿಯಲ್ಲಿ ಕಲ್ಲುಪ್ಪನ್ನು ನಾಲ್ಕೇ ಏಟು ಕುಟ್ಟಿದೆ. ದಪ್ಪ, ಸಣ್ಣ, ಹುಡಿ ಎಲ್ಲ ಬೆರೆತು ಬಂತು. ಅದನ್ನು ಉದುರಿಸಿದ ಬಾನೆಟ್ ನೋಡಿದ ಮೇಲೆ ಬೇರೆ ಉಪ್ಪು ಮುಟ್ಟಿಲ್ಲ.

ಉಪ್ಪಿನ ದೊಡ್ಡ ಗುಣ ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಏರ್‌ಬ್ರಷ್ ಇಲ್ಲದಿದ್ದರೂ ನಡೆಯುತ್ತದೆ. ಡಬ್ಬಿ ಸ್ಪ್ರೇ ಸಾಕು. ಆದರೆ ದೂರದಿಂದ, ತೆಳ್ಳಗೆ, ಎರಡು ಮೂರು ಸಲ ಹೊಡೆಯಬೇಕು. ಹತ್ತಿರ ಹಿಡಿದರೆ ಗಾಳಿಗೆ ಹರಳು ಹಾರುತ್ತದೆ. ಇನ್ನೊಂದು ಗುಣ, ಹರಳಿನ ಸುತ್ತ ಬಣ್ಣ ಗುಡ್ಡೆ ಕಟ್ಟಿ ಒಂದು ಸಣ್ಣ ಅಂಚು ಏಳುತ್ತದೆ. ಮಾವ ಅಂಬಾಸಿಡರ್ ಬಾನೆಟ್‌ನಲ್ಲಿ ತೋರಿಸಿದ್ದು ಇದೇ ಅಂಚು.

ತೊಂದರೆ ಏನೆಂದರೆ ಹತೋಟಿ ಕಡಿಮೆ. ಉಪ್ಪು ಎಲ್ಲಿ ಬಿತ್ತೋ ಅಲ್ಲೇ ಮಚ್ಚೆ. ಬಣ್ಣ ಹೊಡೆದ ಮೇಲೆ ಬದಲಾಯಿಸಲು ಆಗುವುದಿಲ್ಲ. ನೀರು ಜಾಸ್ತಿಯಾದರೆ ಉಪ್ಪು ಕರಗಿ ಬಿಳೀ ಪೊರೆ ಕಟ್ಟುತ್ತದೆ. ನನ್ನ ಮೊದಲ ಬಾಡಿಯಲ್ಲಿ ಪೊರೆ ತೊಳೆದರೂ ಮತ್ತೆ ಮತ್ತೆ ಬರುತ್ತಿತ್ತು. ಉಪ್ಪಿನದೇ ತಪ್ಪು ಅಂತ ಒಂದು ವಾರ ನಂಬಿದ್ದೆ. ಆಮೇಲೆ ಹೊಳೆಯಿತು, ನಮ್ಮ ಬೋರ್‌ವೆಲ್ ನೀರೇ ಗಡುಸು. ಸ್ನಾನದ ಬಕೆಟ್‌ಗೆ ಕಟ್ಟುವ ಬಿಳುಪೇ ಇಲ್ಲೂ ಕಟ್ಟುತ್ತಿತ್ತು. ಶುದ್ಧ ನೀರಿನ ಘಟಕದಿಂದ ತಂದ ನೀರಲ್ಲಿ ತೊಳೆದ ಮೇಲೆ ಕಲೆ ಬರುವುದು ನಿಂತಿತು. ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಮಾಡುವವರು ಯಾರೇ ಆಗಲಿ, ಮ್ಯಾಟ್ ಬಣ್ಣದ ಮೇಲೆ ಬೋರ್ ನೀರು ಬಳಸಬೇಡಿ.

ಹೇರ್‌ಸ್ಪ್ರೇ ಕತೆಯೇ ಬೇರೆ. ಕೂದಲು ಹಿಡಿದು ನಿಲ್ಲಿಸುವ ಅಂಟು ಅದು, ನೀರು ತಾಗಿದರೆ ಮೆತ್ತಗಾಗುತ್ತದೆ. ತುಕ್ಕಿನ ಮೇಲೆ ತೆಳ್ಳಗೆ ಎರಡು ಸಲ ಹೊಡೆದು ಒಣಗಿಸಿ, ಅದರ ಮೇಲೆ ನೀರಿನಲ್ಲಿ ತೆಳುವಾಗುವ ಅಕ್ರಿಲಿಕ್ ಹಸಿರು ಹೊಡೆಯಬೇಕು. ಇಪ್ಪತ್ತು, ಮೂವತ್ತು ನಿಮಿಷ ಬಿಟ್ಟು ಉಗುರುಬೆಚ್ಚಗಿನ ನೀರನ್ನು ಬ್ರಷ್‌ನಲ್ಲಿ ಹಚ್ಚಿದರೆ ನೀರು ಬಣ್ಣದ ಪದರ ದಾಟಿ ಒಳಗಿಳಿಯುತ್ತದೆ. ಆಗ ಬಿರುಸು ಬ್ರಷ್‌ನಿಂದ ತಿಕ್ಕಿದರೆ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಡೋರಿನ ಹಿಡಿಯ ಸುತ್ತ ತಿಕ್ಕುತ್ತಾ, ಸಾಕು ಅನಿಸಿದ ಕ್ಷಣಕ್ಕೆ ನಿಲ್ಲಿಸಬಹುದು. ಆ ಸುಖ ಉಪ್ಪಿನಲ್ಲಿ ಇಲ್ಲ. ಟೂತ್‌ಪಿಕ್ ತುದಿಯಲ್ಲಿ ಎಳೆದರೆ ಕೂದಲೆಳೆಯಂಥ ಗೀರು ಬರುತ್ತದೆ. ಎಷ್ಟೋ ವರ್ಷ ಎಷ್ಟೋ ಕೈ ಆ ಡೋರನ್ನು ತೆಗೆದು ಹಾಕಿದ ಹಾಗೆ ಕಾಣುತ್ತದೆ.

ಆದರೆ ಷರತ್ತುಗಳು ಜಾಸ್ತಿ. ಮೇಲಿನ ಬಣ್ಣ ಅಕ್ರಿಲಿಕ್ಕೇ ಆಗಬೇಕು. ಎನಾಮಲ್ ಹೊಡೆದ ಚಮಚದ ಮೇಲೆ ಒಂದು ಗಂಟೆ ತಿಕ್ಕಿದರೂ ಏನೂ ಏಳಲಿಲ್ಲ, ನೀರು ಒಳಗೇ ಹೋಗುವುದಿಲ್ಲ. (ಪ್ರಯೋಗಕ್ಕೆಲ್ಲ ಪ್ಲಾಸ್ಟಿಕ್ ಚಮಚ ಬಳಸಿ. ಅದರ ಉಬ್ಬು ಕಾರಿನ ಬಾಡಿಯ ಹಾಗೇ ಇರುತ್ತದೆ.) ತಮಿಯಾ ಬಣ್ಣವನ್ನು ಅದರದೇ ಥಿನ್ನರ್‌ನಲ್ಲಿ ತೆಳು ಮಾಡಿದರೆ ಪದರ ಗಟ್ಟಿಯಾಗಿ ಕೂರುತ್ತದೆ, ನೀರಿನಲ್ಲಿ ತೆಳು ಮಾಡಿದರೆ ಸಲೀಸಾಗಿ ಏಳುತ್ತದೆ. ಹೇರ್‌ಸ್ಪ್ರೇ ದಪ್ಪವಾದರೆ ಬಣ್ಣ ಒಣಕೆರೆಯ ಮಣ್ಣಿನ ಹಾಗೆ ಬಿರುಕು ಬಿಡುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಮಹಡಿಯಲ್ಲಿ ಏರ್‌ಬ್ರಷ್‌ನ ಬಣ್ಣ ಕಾರಿಗೆ ತಾಗುವ ಮೊದಲೇ ಒಣಗಿ ಪುಡಿಯಾಗುತ್ತಿತ್ತು. ಸಂಜೆ ಆರರ ಮೇಲೆ ಕೂತಾಗಲೇ ಸರಿಯಾಗಿದ್ದು. ಎಲ್ಲ ಮುಗಿದ ಮೇಲೆ ಮ್ಯಾಟ್ ವಾರ್ನಿಶ್ ಕಡ್ಡಾಯ. ಅಡಿಯಲ್ಲಿ ಆ ಅಂಟು ಹಾಗೇ ಇರುತ್ತದಲ್ಲ, ಬೆರಳ ಬೆವರಿಗೂ ಬಣ್ಣ ಜಾರುತ್ತದೆ.

ಎರಡು ಕಾರುಗಳನ್ನು ಕಿಟಕಿಯ ಬೆಳಕಿಗೆ ಇಟ್ಟು ನೋಡಿದೆ. ಬಾನೆಟ್, ಡಿಕ್ಕಿಯ ಮೇಲ್ಭಾಗ, ಗಾಜಿನ ಮುಂದಿನ ತಗಡು, ಅಂದರೆ ಬಿಸಿಲು ಬಡಿಯುವ, ಇಬ್ಬನಿ ನಿಲ್ಲುವ ಜಾಗಗಳಲ್ಲಿ ಉಪ್ಪಿನ ಕಾರೇ ಮೇಲು. ಅಲ್ಲಿ ಬಣ್ಣ ತಾನಾಗಿ ಸಾಯುತ್ತದೆ, ಯಾರೂ ಕೆರೆದಿರುವುದಿಲ್ಲ. ಡೋರು, ಅಂಚುಗಳು, ಕಾಲು ತಾಗುವ ಕಡೆ ಹೇರ್‌ಸ್ಪ್ರೇ ಕಾರು ಎಷ್ಟೋ ಮುಂದೆ. ಅಲ್ಲಿ ಬಣ್ಣ ಸವೆಯುವುದು ಮನುಷ್ಯರಿಂದ. ಒಂದನ್ನೇ ಆರಿಸು ಅಂದರೆ, ಏರ್‌ಬ್ರಷ್ ಇರುವವರಿಗೆ ಹೇರ್‌ಸ್ಪ್ರೇ ಹೇಳುತ್ತೇನೆ, ಡಬ್ಬಿ ಸ್ಪ್ರೇಯವರಿಗೆ ಉಪ್ಪು.

ಛಾವಣಿಯ ವಿಷಯದಲ್ಲಿ ಎರಡೂ ಬೇಡ. ಅಸಲಿ 1932ರ ಕೂಪೆಯಲ್ಲಿ ಛಾವಣಿಯ ನಡುಭಾಗ ತಗಡೇ ಅಲ್ಲ, ಬಟ್ಟೆ. ಅಷ್ಟಗಲದ ಒಂದೇ ತಗಡನ್ನು ಒತ್ತಿ ಕಾರಿನ ತಲೆಗೆ ಕೂರಿಸುವುದು ಆಮೇಲೆ ಬಂದದ್ದು. ಹಾಗಾಗಿ ಅದು ತುಕ್ಕು ಹಿಡಿಯುವ ಮಾತೇ ಇಲ್ಲ. ಅಲ್ಲಿ ಮಾಸಿದ ಕಪ್ಪು ಹೊಡೆದು, ಮಧ್ಯೆ ಬೂದು ಸವರಿದೆ. ಎಂಜಿನ್‌ಗೂ ಇದೇ ಜಾಗ್ರತೆ. ಬ್ಲಾಕ್ ಎರಕದ ಕಬ್ಬಿಣ, ಅದಕ್ಕೆ ಕಂದು ಒಪ್ಪುತ್ತದೆ. ಹಾಟ್ ರಾಡ್ ಮಾಡುವವರು ಮೇಲೆ ಕೂರಿಸುವ ಅಲ್ಯೂಮಿನಿಯಂ ಹೆಡ್ ತುಕ್ಕು ಹಿಡಿಯಲ್ಲ, ಬೂದಿಯ ಹಾಗೆ ಬಿಳಿಚುತ್ತದೆ ಅಷ್ಟೇ.

ಅಂಟಿನ ಬಗ್ಗೆ ಎರಡೇ ಮಾತು. ಬಾಡಿಗೆ ಪ್ಲಾಸ್ಟಿಕ್ ಮಾದರಿಗೆಂದೇ ಬರುವ ತೆಳು ಅಂಟು, ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಗಾಜಿಗೆ ಫೆವಿಕಾಲ್, ಒಣಗಿದರೆ ಕಾಣುವುದಿಲ್ಲ. ಸೂಪರ್ ಗ್ಲೂ ಹತ್ತಿರ ತಂದರೆ ಅದರ ಆವಿಗೆ ಗಾಜು ಮಂಜಾಗುತ್ತದೆ.

ದೂಳಿಗೆ ಅಂಗಡಿಯ ಪಿಗ್ಮೆಂಟ್, ಅಂದರೆ ಬಣ್ಣದ ಪುಡಿಯ ಡಬ್ಬಿ ತರಿಸಿದ್ದೆ, ಜೊತೆಗೆ ನಮ್ಮ ಹೊಲದ ಕೆಮ್ಮಣ್ಣನ್ನೂ ಇಟ್ಟು ನೋಡಿದೆ. ಇಲ್ಲಿ ನಮ್ಮ ಮಣ್ಣೇ ಗೆದ್ದಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದೇ, ತುಕ್ಕಿನ ಒಡಹುಟ್ಟು. ಮಣ್ಣನ್ನು ನೀರಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ಕೆಂಪು ಬಗ್ಗಡವನ್ನು ಬೇರೆ ಬಟ್ಟಲಿಗೆ ಬಸಿದು ಒಣಗಿಸಬೇಕು. ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿದರೆ ಪೌಡರ್‌ನಷ್ಟು ನುಣುಪು. ಹಳೇ ತವಾದ ಮೇಲೆ ಚೆನ್ನಾಗಿ ಹುರಿದರೆ ಹಳದಿ ಛಾಯೆ ಹೋಗಿ ಇನ್ನಷ್ಟು ಕೆಂಪಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಬಿಟ್ಟರೆ ಮೂಲೆಗಳಲ್ಲಿ ನಿಲ್ಲುತ್ತದೆ. ಮೇಲೆ ವಾರ್ನಿಶ್ ಹೊಡೆದರೆ ಬಣ್ಣ ಕಪ್ಪಿಡುತ್ತದೆ, ನಾನು ಹೊಡೆಯುವುದಿಲ್ಲ. ಮುಖಕ್ಕೆ ಮಾಸ್ಕ್ ಇರಲಿ. ಕೆಜಿಎಫ್‌ನ ಸೈನೈಡ್ ದಿಬ್ಬದ ಮಣ್ಣನ್ನು ಮಾತ್ರ ಯಾರೂ ತರಬೇಡಿ. ಅದು ಅದಿರು ಅರೆದು ಸೈನೈಡ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಹುಡಿ, ಆಟದ ಸಾಮಾನಲ್ಲ.

ನೀರಿನ ಗೆರೆಗಳಿಗೆ ರೆಡಿಮೇಡ್ ಸಿಗುವ ನೀರುಬಣ್ಣದಷ್ಟು ತೆಳುವಾದ ವಾಶ್‌ಗಿಂತ ಸ್ಟೇಷನರಿ ಅಂಗಡಿಯ ಆಯಿಲ್ ಪೇಂಟ್ ಟ್ಯೂಬೇ ನನಗೆ ಹಿಡಿಸಿತು. ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣದ ಒಂದು ಚುಕ್ಕೆ ಇಟ್ಟು, ಟರ್ಪೆಂಟೈನ್ ಅದ್ದಿದ ಬ್ರಷ್‌ನಲ್ಲಿ ಕೆಳಕ್ಕೆ ಎಳೆದರೆ ಆಯಿತು. ಒಣಗಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ತಿದ್ದಲು ಅಷ್ಟೂ ಸಮಯ ಸಿಗುತ್ತದೆ.

ಕಳೆದ ಭಾನುವಾರ ಎರಡು ಕಾರುಗಳನ್ನೂ ಮಾವನ ಗ್ಯಾರೇಜಿಗೆ ಒಯ್ದೆ. ಅವರು ಉಪ್ಪಿನ ಕಾರಿನ ಬಾನೆಟ್ ಮೇಲೆ ಹೆಬ್ಬೆರಳು ಆಡಿಸಿದರು, ಎದ್ದ ಅಂಚು ಸಿಕ್ಕಿತು. ಆಮೇಲೆ ಇನ್ನೊಂದರ ಡೋರು ನೋಡಿದರು. "ಇದರ ಬಾನೆಟ್ಟು, ಅದರ ಡೋರು. ಎರಡೂ ಒಂದೇ ಗಾಡಿಗೆ ಬರಲ್ವಾ?"

ಬರುತ್ತದೆ ಅನ್ನಿಸುತ್ತದೆ. ಹೇರ್‌ಸ್ಪ್ರೇ ಹಸಿ ಇರುವಾಗಲೇ ಅದರ ಮೇಲೆ ಕುಟ್ಟಿದ ಉಪ್ಪು ಉದುರಿಸಿದರೆ ನೀರೇ ಬೇಡ, ಅಂಟೇ ಹರಳನ್ನು ಹಿಡಿದುಕೊಳ್ಳುತ್ತದೆ. ನಿನ್ನೆ ಒಂದು ಚಮಚದ ಮೇಲೆ ಮಾಡಿದೆ. ಉಪ್ಪು ಉಜ್ಜಿದಾಗ ಮಚ್ಚೆ ಬಂತು, ನೀರು ಹಚ್ಚಿ ತಿಕ್ಕಿದಾಗ ಅಂಚೂ ಸವೆಯಿತು. ಮೂರನೇ ಕಿಟ್‌ನ ಬಾಡಿಗೆ ಈ ವಾರ ಪ್ರೈಮರ್ ಹೊಡೆಯುತ್ತಿದ್ದೇನೆ.